ಹೆಪಟೈಟಿಸ್ ಇದ್ದವರ ಲಿವರ್‌ನಲ್ಲಿ ಕೊಬ್ಬು: ವೈರಸ್ಸಿನದೆಷ್ಟು, ಜೀನಿನದೆಷ್ಟು, ಊಟದ್ದೆಷ್ಟು?

ದಾವಣಗೆರೆಯಲ್ಲಿ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿಕೊಂಡವರ ರಿಪೋರ್ಟಿನ ಕೊನೆಯಲ್ಲಿ ‘ಗ್ರೇಡ್ 1 ಫ್ಯಾಟಿ ಲಿವರ್’ ಎಂಬ ಸಾಲು ಕಾಣುವುದು ಈಗ ಮಾಮೂಲು. ‘ಅದು ಎಲ್ರಿಗೂ ಇರ್ತತಿ ಬಿಡ್ರಿ’ ಎಂದು ರಿಪೋರ್ಟನ್ನು ಮಡಚಿ ಕವರಿಗೆ ಹಾಕುವುದೂ ಅಷ್ಟೇ ಮಾಮೂಲು. ಬೇರೆ ತೊಂದರೆ ಇಲ್ಲದವರ ಮಟ್ಟಿಗೆ ಆ ಮಾತು ಅರ್ಧ ಸರಿ. ಅದೇ ಮನುಷ್ಯನ ರಕ್ತದಲ್ಲಿ ಹೆಪಟೈಟಿಸ್ ಬಿ ಅಥವಾ ಸಿ ವೈರಸ್ ಇದ್ದರೆ ಆ ಅರ್ಧವೂ ಉಳಿಯುವುದಿಲ್ಲ. ಆಗ ಒಂದೇ ಲಿವರ್ ಮೇಲೆ ಎರಡು ಕಾಯಿಲೆ ಕೂತಿರುತ್ತವೆ. ಒಂದಕ್ಕೆ ಮಾತ್ರೆ ಇದೆ, ಇನ್ನೊಂದು ಬಹುಪಾಲು ಆ ಮಾತ್ರೆಗೆ ಬಗ್ಗುವುದಿಲ್ಲ.

ಇದಕ್ಕಿಂತ ದೊಡ್ಡ ಗೊಂದಲ ಮನೆಗಳಲ್ಲಿದೆ. ಅಪ್ಪ ಲಿವರ್ ಕೆಟ್ಟು ತೀರಿಕೊಂಡರು, ಅಣ್ಣನಿಗೆ ಹೆಪಟೈಟಿಸ್ ಬಿ, ತಮ್ಮನಿಗೆ ಫ್ಯಾಟಿ ಲಿವರ್ ಎಂದಾಗ ‘ನಮ್ಮ ಮನೆತನಕ್ಕೇ ಈ ಕಾಯಿಲೆ ಅಂಟಿದೆ’ ಎಂದು ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟಿಬಿಡುತ್ತಾರೆ. ನಿಜದಲ್ಲಿ ಮನೆಯೊಳಗೆ ಮೂರು ಬೇರೆ ಬೇರೆ ಸಂಗತಿಗಳು ಓಡಾಡುತ್ತಿರುತ್ತವೆ. ವೈರಸ್ ಅಂಟಿಕೊಂಡು ಬರುತ್ತದೆ, ಜೀನ್ ಹುಟ್ಟಿನೊಂದಿಗೆ ಬರುತ್ತದೆ, ಊಟ ಮತ್ತು ಕುಡಿತ ಒಂದೇ ಸೂರಿನಡಿ ಇರುವುದರಿಂದ ಬರುತ್ತದೆ. ಮೊದಲನೆಯದನ್ನು ಲಸಿಕೆ ಮತ್ತು ಮಾತ್ರೆಯಿಂದ ತಡೆಯಬಹುದು, ಮೂರನೆಯದನ್ನು ಬದಲಿಸಬಹುದು. ಎರಡನೆಯದನ್ನು ಬದಲಿಸಲಾಗದು. ಆದರೆ ಅದು ಎಷ್ಟು ಹಾನಿ ಮಾಡುತ್ತದೆ ಎಂಬುದು ಬಹುಮಟ್ಟಿಗೆ ಮೂರನೆಯದರ ಕೈಯಲ್ಲಿದೆ.

ವೈರಸ್ ವಂಶದಿಂದ ಬರುವುದಿಲ್ಲ

ಹೆಪಟೈಟಿಸ್ ಬಿ ಒಂದೇ ಮನೆಯ ನಾಲ್ಕೈದು ಜನರಲ್ಲಿ ಕಾಣಿಸಿಕೊಳ್ಳುವುದಕ್ಕೆ ಮುಖ್ಯ ಕಾರಣ ಹೆರಿಗೆಯ ಹೊತ್ತು. ತಾಯಿಯ ರಕ್ತದಿಂದ ಮಗುವಿಗೆ ವೈರಸ್ ದಾಟುತ್ತದೆ. ನವಜಾತ ಶಿಶುವಿಗೆ ಸೋಂಕು ತಗುಲಿದರೆ 100ಕ್ಕೆ 90ರಷ್ಟು ಮಕ್ಕಳಲ್ಲಿ ಅದು ದೀರ್ಘಕಾಲ ಉಳಿಯುತ್ತದೆ. ದೊಡ್ಡವರಾದ ಮೇಲೆ ತಗುಲಿದರೆ 100ಕ್ಕೆ 5ಕ್ಕಿಂತ ಕಡಿಮೆ ಜನರಲ್ಲಿ ಮಾತ್ರ ಉಳಿಯುತ್ತದೆ, ಉಳಿದವರ ದೇಹ ಅದನ್ನು ತಾನೇ ಹೊರಹಾಕುತ್ತದೆ. ರಕ್ತದಲ್ಲಿ ಎಚ್‌ಬಿಎಸ್‌ಎಜಿ (ಬಿ ವೈರಸ್ಸಿನ ಹೊರಕವಚದ ಪ್ರೋಟೀನು) ಆರು ತಿಂಗಳಿಗಿಂತ ಹೆಚ್ಚು ಕಾಲ ಪಾಸಿಟಿವ್ ಇದ್ದರೆ ‘ದೀರ್ಘಕಾಲಿಕ’ ಎನ್ನುತ್ತಾರೆ. ವೈರಸ್ಸನ್ನು ಹೊರಹಾಕುವುದರಲ್ಲಿ ಜೀನುಗಳ ಪಾತ್ರವೂ ಇದೆ. ರೋಗನಿರೋಧಕ ಶಕ್ತಿಗೆ ಸಂಬಂಧಿಸಿದ ಎಚ್‌ಎಲ್‌ಎ-ಡಿಪಿ ಭಾಗದ ಕೆಲವು ವ್ಯತ್ಯಾಸಗಳು ಬಿ ವೈರಸ್ ಉಳಿಯುವ ಸಾಧ್ಯತೆಯನ್ನು ಹೆಚ್ಚು ಕಡಿಮೆ ಮಾಡುತ್ತವೆ. ಆದರೂ ಸೋಂಕು ತಗುಲಿದ ವಯಸ್ಸಿನ ಮುಂದೆ ಅದರ ತೂಕ ಕಡಿಮೆ.

ಹಾಗಾಗಿ ಮನೆಯಲ್ಲಿ ಒಬ್ಬರಿಗೆ ಬಿ ಇದೆಯೆಂದು ಗೊತ್ತಾದ ದಿನವೇ ಹೆಂಡತಿ ಅಥವಾ ಗಂಡ, ಮಕ್ಕಳು, ಅಣ್ಣತಮ್ಮ, ಅಕ್ಕತಂಗಿ, ತಾಯಿ ಎಲ್ಲರಿಗೂ ಎಚ್‌ಬಿಎಸ್‌ಎಜಿ ಪರೀಕ್ಷೆ ಆಗಬೇಕು. ನೆಗೆಟಿವ್ ಬಂದವರಿಗೆ 0, 1 ಮತ್ತು 6ನೇ ತಿಂಗಳು ಹೀಗೆ ಮೂರು ಡೋಸ್ ಲಸಿಕೆ. ಹುಟ್ಟಿದ ಮಗುವಿಗೆ ಮೊದಲ ಡೋಸ್ 24 ಗಂಟೆಯೊಳಗೆ ಬೀಳಬೇಕು. ತಾಯಿ ಪಾಸಿಟಿವ್ ಆಗಿದ್ದರೆ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯ) ಇಂಜೆಕ್ಷನ್ ಕೂಡ. ತಟ್ಟೆ ಲೋಟ ಬೇರೆ ಇಡಬೇಕಾಗಿಲ್ಲ. ಒಟ್ಟಿಗೆ ಕೂತು ಮುದ್ದೆ ಉಂಡರೆ ಬಿ ಆಗಲಿ ಸಿ ಆಗಲಿ ಬರುವುದಿಲ್ಲ. ರೇಜರ್ ಮತ್ತು ಹಲ್ಲುಜ್ಜುವ ಬ್ರಷ್ ಮಾತ್ರ ಬೇರೆಯಿರಲಿ. ಸಿ ವೈರಸ್ಸಿಗೆ ಲಸಿಕೆಯೇ ಇಲ್ಲ.

ಲಿವರ್ ಒಳಗೆ ಕೊಬ್ಬು ಸೇರುವುದು ಹೇಗೆ

ಲಿವರ್ ಕೋಶಗಳಲ್ಲಿ ಶೇ 5ಕ್ಕಿಂತ ಹೆಚ್ಚಿನವುಗಳಲ್ಲಿ ಕೊಬ್ಬಿನ ಹನಿ ಕಂಡರೆ ಫ್ಯಾಟಿ ಲಿವರ್. ಬಯಾಪ್ಸಿಯ (ಲಿವರ್‌ನ ಚೂರು ತೆಗೆದು ನೋಡುವ ಪರೀಕ್ಷೆಯ) ಲೆಕ್ಕದಲ್ಲಿ ಶೇ 33ರವರೆಗೆ ಮೊದಲ ಹಂತ, 66ರವರೆಗೆ ಎರಡನೆಯದು, ಅದರಾಚೆ ಮೂರನೆಯದು. ಸ್ಕ್ಯಾನಿಂಗ್‌ನ ಗ್ರೇಡ್ ಇಷ್ಟು ಕರಾರುವಾಕ್ಕಲ್ಲ. ಡಾಕ್ಟರು ಪರದೆಯ ಮೇಲೆ ಲಿವರ್ ಎಷ್ಟು ಬೆಳ್ಳಗೆ ಕಾಣುತ್ತದೆ ಎಂದು ನೋಡಿ ಅಂದಾಜಿಸುತ್ತಾರೆ. ಕೊಬ್ಬು ಶೇ 20ಕ್ಕಿಂತ ಕಡಿಮೆಯಿದ್ದರೆ ಅದು ಬಹಳ ಸಲ ಕಾಣುವುದೇ ಇಲ್ಲ.

ಎಪಿಎಂಸಿಯ ಮೆಕ್ಕೆಜೋಳದ ಗೋದಾಮು ತುಂಬಿ ಹೋಗುವುದಕ್ಕೆ ಮೂರು ಕಾರಣ ಇರಬಹುದು. ಒಳಗೆ ಬರುವ ಲೋಡು ಹೆಚ್ಚಾಗಿರಬೇಕು, ಒಳಗಿನ ಚೀಲ ಬಿಚ್ಚುವ ಹಮಾಲರು ಕೆಲಸ ನಿಲ್ಲಿಸಿರಬೇಕು, ಇಲ್ಲವೇ ಹೊರಗೆ ಒಯ್ಯುವ ಲಾರಿ ಬರದೇ ಇರಬೇಕು. ಲಿವರ್‌ನಲ್ಲೂ ಇದೇ ಮೂರು ಕಡೆ ಕೆಡುತ್ತದೆ. ಫ್ಯಾಟಿ ಲಿವರ್‌ನ ಹಲವು ಜೀನುಗಳು ಈ ಮೂರರಲ್ಲಿ ಯಾವುದೋ ಒಂದು ಕಡೆ ಕೈಯಾಡಿಸುತ್ತವೆ.

ಒಳಗೆ ಬರುವ ಲೋಡಿನ ಲೆಕ್ಕ ಅನೇಕರಿಗೆ ಅಚ್ಚರಿ ತರಬಹುದು. ಸ್ಥೂಲದೇಹಿಗಳ ಫ್ಯಾಟಿ ಲಿವರ್ ಕುರಿತು 2005ರಲ್ಲಿ ಪ್ರಕಟವಾದ ಒಂದು ಹೆಸರಾಂತ ಅಧ್ಯಯನದ ಪ್ರಕಾರ ಲಿವರ್ ಕೊಬ್ಬಿನಲ್ಲಿ ನೇರವಾಗಿ ಊಟದ ಎಣ್ಣೆ-ತುಪ್ಪದಿಂದ ಬಂದದ್ದು ಸುಮಾರು ಶೇ 15 ಮಾತ್ರ. ಶೇ 26ರಷ್ಟನ್ನು ಲಿವರ್ ತಾನೇ ಸಕ್ಕರೆ ಮತ್ತು ಪಿಷ್ಟದಿಂದ ತಯಾರಿಸಿತ್ತು. ಉಳಿದ ಶೇ 59 ಮೈಯ ಕೊಬ್ಬು ಕರಗಿ ರಕ್ತದ ಮೂಲಕ ಬಂದು ಸೇರಿದ್ದು. ‘ನಾನು ಎಣ್ಣೆ ಬಿಟ್ಟಿದ್ದೇನೆ, ಆದರೂ ಕೊಬ್ಬು ಯಾಕೆ ಇಳಿಯುತ್ತಿಲ್ಲ’ ಎನ್ನುವವರಿಗೆ ಉತ್ತರ ಇಲ್ಲಿದೆ. ದಿನಕ್ಕೆ ಐದು ಕಪ್ ಚಹಾ, ಕಪ್ಪಿಗೆ ಎರಡು ಚಮಚ ಸಕ್ಕರೆ ಎಂದರೆ 40 ಗ್ರಾಂ ದಾಟುತ್ತದೆ, ಸೊಂಟದ ಅಳತೆಯೂ ಇದ್ದಲ್ಲೇ ಇರುತ್ತದೆ.

ಪಿಎನ್‌ಪಿಎಲ್‌ಎ3: ಮುಖ್ಯ ಜೀನ್

2008ರಲ್ಲಿ ಅಮೆರಿಕದ ಡಲ್ಲಾಸ್ ನಗರದ ಜನರ ಮೇಲೆ ನಡೆದ ಅಧ್ಯಯನದಿಂದ ಈ ಜೀನಿನ ಕಥೆ ಹೊರಬಂತು. 22ನೇ ಕ್ರೋಮೋಸೋಮಿನ ಮೇಲಿರುವ ಪಿಎನ್‌ಪಿಎಲ್‌ಎ3 ಎಂಬ ಜೀನಿನಲ್ಲಿ ಒಂದೇ ಒಂದು ಅಕ್ಷರ ಸಿ ಇರಬೇಕಾದ ಕಡೆ ಜಿ ಆಗಿರುತ್ತದೆ. ಅದರಿಂದ ತಯಾರಾಗುವ ಪ್ರೋಟೀನಿನ 148ನೇ ಸ್ಥಾನದಲ್ಲಿ ಐಸೊಲ್ಯೂಸಿನ್ ಬದಲು ಮಿಥಿಯೋನಿನ್ ಬಂದು ಕೂರುತ್ತದೆ. ವ್ಯತ್ಯಾಸ ಇಷ್ಟೇ. ಆದರೆ ಹೀಗೆ ಬದಲಾದ ಪ್ರೋಟೀನನ್ನು ಕೋಶವು ಎಂದಿನಂತೆ ಒಡೆದು ಹೊರಹಾಕಲಾರದು. ಅದು ಕೊಬ್ಬಿನ ಹನಿಗಳ ಮೇಲ್ಮೈಯಲ್ಲಿ ಜಮಾಯಿಸುತ್ತಾ ಹೋಗುತ್ತದೆ. ಕೊಬ್ಬನ್ನು ಕರಗಿಸುವ ಎಟಿಜಿಎಲ್ ಎಂಬ ಕಿಣ್ವಕ್ಕೆ ಒಂದು ಸಹಾಯಕ ಪ್ರೋಟೀನ್ ಬೇಕು. ಜಮಾಯಿಸಿದ ಪ್ರೋಟೀನು ಆ ಸಹಾಯಕನನ್ನು ತನ್ನತ್ತ ಎಳೆದುಕೊಂಡು ಹಿಡಿದಿಡುತ್ತದೆ. ಕಿಣ್ವ ಇದ್ದೂ ಕೆಲಸವಿಲ್ಲ, ಕೊಬ್ಬು ಇದ್ದಲ್ಲೇ ಉಳಿಯುತ್ತದೆ.

ದಕ್ಷಿಣ ಏಷ್ಯಾದ ಜನರಲ್ಲಿ ಈ ಜೀನಿನ ಪ್ರತಿಗಳಲ್ಲಿ ಸುಮಾರು ಕಾಲು ಭಾಗ ಈ ಬದಲಾದ ರೂಪದವು. ಪ್ರತಿಯೊಬ್ಬರಲ್ಲೂ ಅಪ್ಪನದೊಂದು, ಅಮ್ಮನದೊಂದು ಎಂದು ಎರಡು ಪ್ರತಿ ಇರುವುದರಿಂದ 100 ಜನರಲ್ಲಿ 37-38 ಮಂದಿಗೆ ಒಂದು ಪ್ರತಿ, 6ಕ್ಕೆ ತುಸು ಮೇಲ್ಪಟ್ಟು ಮಂದಿಗೆ ಎರಡೂ ಪ್ರತಿ ಇರಬಹುದೆಂದು ಲೆಕ್ಕ. ಎರಡೂ ಪ್ರತಿ ಇರುವವರಲ್ಲಿ ಕೊಬ್ಬಿನ ಜೊತೆಗೆ ಊತ (ಉರಿಯೂತ), ನಾರುಗಟ್ಟುವಿಕೆ (ಗಾಯದ ಕಲೆಯಂತೆ ನಾರು ಬೆಳೆಯುವುದು), ಸಿರೋಸಿಸ್ (ನಾರು ತುಂಬಿ ಲಿವರ್ ಗಟ್ಟಿಯಾಗುವುದು), ಲಿವರ್ ಕ್ಯಾನ್ಸರ್ ಎಲ್ಲದರ ಸಾಧ್ಯತೆಯೂ ಏರುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ತೆಳ್ಳಗಿದ್ದು, ಹೊಟ್ಟೆ ಬಾರದೆ, ಕುಡಿಯದೆ ಇರುವವರಲ್ಲಿ ಈ ಜೀನ್ ಹೆಚ್ಚೇನೂ ಮಾಡುವುದಿಲ್ಲ. ತೂಕ ಏರಿದ ಹಾಗೆ ಜೀನಿರುವವರ ಮತ್ತು ಇಲ್ಲದವರ ನಡುವಿನ ಅಂತರ ಹಿಗ್ಗುತ್ತದೆ. ದೊಡ್ಡ ಜನಸಮೂಹಗಳ ಅಧ್ಯಯನಗಳಲ್ಲಿ ಇದು ಸ್ಪಷ್ಟವಾಗಿ ಕಂಡಿದೆ. ಮದ್ಯ ಮತ್ತು ಸಿಹಿ ಪಾನೀಯಗಳದೂ ಹೆಚ್ಚುಕಡಿಮೆ ಇದೇ ಆಟ. ತೂಕ ಇಳಿಸಿದಾಗ ಈ ಜೀನ್ ಇರುವವರ ಲಿವರ್ ಕೊಬ್ಬು ಚೆನ್ನಾಗಿಯೇ ಇಳಿಯುತ್ತದೆ. ‘ವಂಶದಲ್ಲೇ ಇದೆ, ಏನು ಮಾಡಿದರೂ ಅಷ್ಟೇ’ ಎಂಬ ಮಾತಿಗೆ ಈ ಜೀನಿನ ವಿಷಯದಲ್ಲಿ ಆಧಾರವಿಲ್ಲ.

ಉಳಿದ ಜೀನುಗಳನ್ನು ಬೇಗ ನೋಡಿ ಮುಗಿಸಬಹುದು. ಟಿಎಂ6ಎಸ್‌ಎಫ್2 ಎಂಬುದು ಲಾರಿಯ ಕಡೆಯ ಜೀನ್. ಅದರ ಬದಲಾದ ರೂಪ ಇದ್ದರೆ ಲಿವರ್‌ನಿಂದ ಕೊಬ್ಬು ರಕ್ತಕ್ಕೆ ಸರಿಯಾಗಿ ಹೊರಡುವುದಿಲ್ಲ. ಪರಿಣಾಮವಾಗಿ ಲಿವರ್‌ನಲ್ಲಿ ಕೊಬ್ಬು ಹೆಚ್ಚು, ರಕ್ತದಲ್ಲಿ ಕೊಲೆಸ್ಟ್ರಾಲ್ ಕಡಿಮೆ. ‘ಲಿಪಿಡ್ ಪ್ರೊಫೈಲ್ ನಾರ್ಮಲ್ ಬಂದಿದೆ, ಹಾಗಾಗಿ ಲಿವರ್ ಕೊಬ್ಬು ಏನೂ ಅಲ್ಲ’ ಎಂಬ ಲೆಕ್ಕ ತಪ್ಪುವುದಕ್ಕೆ ಇದೂ ಒಂದು ಕಾರಣ. ಜಿಸಿಕೆಆರ್ ಒಳಬರುವ ಲೋಡಿನ ಕಡೆಯದು, ಸಕ್ಕರೆಯನ್ನು ಕೊಬ್ಬಾಗಿಸುವ ವೇಗ ಹೆಚ್ಚಿಸುತ್ತದೆ. ಎಂಬಿಒಎಟಿ7ರ ಪ್ರಭಾವ ಸಣ್ಣದು. ಎಚ್‌ಎಸ್‌ಡಿ17ಬಿ13 ಮಾತ್ರ ಉಲ್ಟಾ. ಅದರ ಕೆಲಸ ನಿಲ್ಲಿಸಿದ ರೂಪ ಇದ್ದವರಲ್ಲಿ ಕೊಬ್ಬು ಇದ್ದರೂ ಅದು ಊತಕ್ಕೂ ಸಿರೋಸಿಸ್‌ಗೂ ತಿರುಗುವ ಸಾಧ್ಯತೆ ಕಡಿಮೆ. 2018ರಲ್ಲಿ ಇದು ತಿಳಿದುಬಂದ ಮೇಲೆ ಇದೇ ಜೀನನ್ನು ಸುಮ್ಮನಾಗಿಸುವ ಔಷಧಿಗಳ ಪ್ರಯೋಗ ಶುರುವಾಗಿದೆ.

ಸಿ ವೈರಸ್ ತಾನೇ ಕೊಬ್ಬು ತುಂಬಿಸುತ್ತದೆ

ಹೆಪಟೈಟಿಸ್ ಸಿ ವೈರಸ್ಸಿಗೆ ಕೊಬ್ಬು ಬೇಕೇ ಬೇಕು. ಹೊಸ ವೈರಸ್ ಕಣಗಳು ಜೋಡಣೆಯಾಗುವುದೇ ಕೋಶದೊಳಗಿನ ಕೊಬ್ಬಿನ ಹನಿಗಳ ಪಕ್ಕದಲ್ಲಿ, ಹೊರಹೋಗುವುದೂ ಕೊಬ್ಬಿನ ಕಣಗಳ ಜೊತೆಗೆ. ಅದಕ್ಕಾಗಿ ಅದು ಕೋಶದ ಕೊಬ್ಬು ತಯಾರಿಕೆಯನ್ನು ಏರಿಸುತ್ತದೆ, ಸಾಗಣೆಯನ್ನು ತಡೆಯುತ್ತದೆ. ಈ ಕೆಲಸದಲ್ಲಿ ಈ ವೈರಸ್ಸಿನ ತಳಿಗಳ (ಜೀನೋಟೈಪ್) ಪೈಕಿ ಜೀನೋಟೈಪ್ 3 ಎಲ್ಲಕ್ಕಿಂತ ಮುಂದು. ಭಾರತದಲ್ಲಿ ಹೆಚ್ಚು ಕಾಣುವುದೂ ಇದೇ ಜೀನೋಟೈಪ್. ಇದರಿಂದ ಬಂದ ಕೊಬ್ಬಿನ ಪ್ರಮಾಣ ರಕ್ತದಲ್ಲಿರುವ ವೈರಸ್ಸಿನ ಪ್ರಮಾಣಕ್ಕೆ ತಕ್ಕ ಹಾಗೆ ಏರಿಳಿಯುತ್ತದೆ. ಚಿಕಿತ್ಸೆಯಿಂದ ವೈರಸ್ ಹೋದರೆ ಅದೂ ಇಳಿದುಹೋಗುತ್ತದೆ.

ಜೀನೋಟೈಪ್ 1ರಲ್ಲಿ ಹಾಗಲ್ಲ. ಅಲ್ಲಿನ ಕೊಬ್ಬು ಹೆಚ್ಚಾಗಿ ಸೊಂಟ, ಸಕ್ಕರೆ ಕಾಯಿಲೆ ಮತ್ತು ಜೀನುಗಳದು. ಪಿಎನ್‌ಪಿಎಲ್‌ಎ3ರ ಪ್ರಭಾವ ಎದ್ದು ಕಾಣುವುದೂ ಜೀನೋಟೈಪ್ 3 ಅಲ್ಲದವರಲ್ಲೇ. 3ರಲ್ಲಿ ವೈರಸ್ಸಿನ ಗದ್ದಲದ ನಡುವೆ ಜೀನಿನ ದನಿ ಕೇಳಿಸುವುದಿಲ್ಲ.

ಸಿ ಬಗ್ಗೆ ಒಂದು ಹಳೆಯ ಪ್ರಸಿದ್ಧ ಜೀನ್ ಇದೆ, ಐಎಫ್‌ಎನ್‌ಎಲ್3. 2009ರಲ್ಲಿ ಅದು ಬೆಳಕಿಗೆ ಬಂದಾಗ ದೊಡ್ಡ ಸುದ್ದಿ. ಇಂಟರ್‌ಫೆರಾನ್ ಇಂಜೆಕ್ಷನ್ (ಆಗಿನ ಸಿ ಚಿಕಿತ್ಸೆ) ಯಾರಿಗೆ ಹಿಡಿಯುತ್ತದೆ, ಯಾರಿಗೆ ಇಲ್ಲ ಎಂದು ಅದನ್ನು ನೋಡಿ ಹೇಳುತ್ತಿದ್ದರು. ಈಗ ಸೊಫೊಸ್ಬುವಿರ್ 400 ಮಿ.ಗ್ರಾಂ ಜೊತೆ ಡಕ್ಲಾಟಾಸ್ವಿರ್ 60 ಮಿ.ಗ್ರಾಂ, ಅಥವಾ ಸೊಫೊಸ್ಬುವಿರ್-ವೆಲ್ಪಾಟಾಸ್ವಿರ್, ಸಾಮಾನ್ಯವಾಗಿ 12 ವಾರ ನುಂಗಿದರೆ 100ರಲ್ಲಿ 90ಕ್ಕಿಂತ ಹೆಚ್ಚು ಜನ ವಾಸಿಯಾಗುತ್ತಾರೆ. ಈ ಜೀನನ್ನು ಕೇಳುವವರೇ ಇಲ್ಲ. ಯಾರಾದರೂ ಇವತ್ತೂ ಆ ಪರೀಕ್ಷೆ ಬರೆದುಕೊಟ್ಟರೆ ಯಾಕೆಂದು ಕೇಳಿ.

ಮಾತ್ರೆ ಮುಗಿದು 12 ವಾರ ಕಳೆದ ಮೇಲೆ ವೈರಸ್ ಪರೀಕ್ಷೆ ಮಾಡಿಸಿ, ಸಿಗಲಿಲ್ಲ ಎಂದರೆ ವಾಸಿಯಾದ ಹಾಗೆ. ಆಮೇಲೂ ಸ್ಕ್ಯಾನ್‌ನಲ್ಲಿ ಕೊಬ್ಬು ಉಳಿದಿದ್ದರೆ ಅದು ವೈರಸ್ಸಿನದಲ್ಲ, ನಿಮ್ಮದು. ವೈರಸ್ ಹೋದ ಮೇಲೆ ಕೊಲೆಸ್ಟ್ರಾಲ್ ಏರುವುದೂ ಉಂಟು. ಅಲ್ಲಿಯತನಕ ವೈರಸ್ ಅದನ್ನು ತಗ್ಗಿಸಿಟ್ಟಿರುತ್ತದೆ. ಗಾಬರಿ ಬೇಡ, ಆದರೆ ಆರು ತಿಂಗಳ ನಂತರ ಒಮ್ಮೆ ಲಿಪಿಡ್ ಪರೀಕ್ಷೆ ಮಾಡಿಸಿ.

ಬಿ ವೈರಸ್ಸಿನ ವಿಚಿತ್ರ ಲೆಕ್ಕ

ಹೆಪಟೈಟಿಸ್ ಬಿ ಇದ್ದವರಲ್ಲಿ ಫ್ಯಾಟಿ ಲಿವರ್ ಸಾಮಾನ್ಯ ಜನರಿಗಿಂತ ಕಡಿಮೆ ಕಾಣುತ್ತದೆ. ಕೊಬ್ಬು ಇದ್ದವರಲ್ಲಿ ಬಿ ವೈರಸ್ಸಿನ ಡಿಎನ್‌ಎ ಪ್ರಮಾಣ ಕಡಿಮೆ ಇರುತ್ತದೆ. ಎಚ್‌ಬಿಎಸ್‌ಎಜಿ ತಾನಾಗಿ ನೆಗೆಟಿವ್ ಆಗುವ ಸಾಧ್ಯತೆಯೂ ತುಸು ಹೆಚ್ಚು. ಇದನ್ನು ಅರೆಬರೆ ಕೇಳಿಸಿಕೊಂಡವರು ‘ಹಾಗಾದರೆ ಕೊಬ್ಬು ಒಳ್ಳೆಯದೇ’ ಎಂದುಕೊಳ್ಳುತ್ತಾರೆ. ಒಳ್ಳೆಯದಲ್ಲ. ವೈರಸ್ ಕಡಿಮೆಯಾದ ಮಾತ್ರಕ್ಕೆ ಲಿವರ್ ಉಳಿಯಿತು ಎಂದರ್ಥವಲ್ಲ. ಕೊಬ್ಬಿನ ಜೊತೆ ಊತವೂ ಸೇರಿಕೊಂಡರೆ, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದರೆ, ಸಿರೋಸಿಸ್ ಮತ್ತು ಕ್ಯಾನ್ಸರ್ ಕಡೆಗಿನ ನಡಿಗೆ ಚುರುಕಾಗುತ್ತದೆ. ಬಿ ಇದ್ದವರಿಗೆ ಸಿರೋಸಿಸ್ ಆಗದೆಯೂ ಕ್ಯಾನ್ಸರ್ ಬರಬಹುದು ಎಂಬುದು ಇನ್ನೊಂದು ಅಪಾಯ. ಪಿಎನ್‌ಪಿಎಲ್‌ಎ3 ಮತ್ತು ಲಿವರ್ ಕೊಬ್ಬಿನ ನಂಟು ಬಿ ಇದ್ದವರಲ್ಲೂ ಕಂಡಿದೆ, ನಾರುಗಟ್ಟುವಿಕೆಯ ಮೇಲೆ ಅದರ ಪ್ರಭಾವದ ವಿಷಯದಲ್ಲಿ ಮಾತ್ರ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ 2024ರ ಮಾರ್ಗಸೂಚಿ ಈ ಜೋಡಿಯನ್ನು ಗಂಭೀರವಾಗಿ ತೆಗೆದುಕೊಂಡಿದೆ. ಬಿ ಇರುವವರಿಗೆ ಸಕ್ಕರೆ ಕಾಯಿಲೆ ಅಥವಾ ಚಯಾಪಚಯ ದೋಷದ (ಬೊಜ್ಜು, ಸಕ್ಕರೆಗೆ ಸಂಬಂಧಿಸಿದ) ಫ್ಯಾಟಿ ಲಿವರ್ ಇದ್ದರೆ, ಡಿಎನ್‌ಎ ಮತ್ತು ಎಸ್‌ಜಿಪಿಟಿ (ಲಿವರ್ ಕೋಶಗಳಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಕಿಣ್ವ) ಎಷ್ಟೇ ಇರಲಿ, ಮಾತ್ರೆ ಶುರುಮಾಡಬಹುದು ಎನ್ನುತ್ತದೆ ಅದು. ‘ನಿಮ್ಮ ವೈರಸ್ ನಿದ್ದೆಯಲ್ಲಿದೆ, ಮಾತ್ರೆ ಬೇಡ’ ಎಂದು ಕೆಲವು ವರ್ಷಗಳ ಹಿಂದೆ ಹೇಳಿಸಿಕೊಂಡವರು ಫ್ಯಾಟಿ ಲಿವರ್ ಅಥವಾ ಶುಗರ್ ಹೊಸದಾಗಿ ಬಂದಿದ್ದರೆ ಮತ್ತೊಮ್ಮೆ ಡಾಕ್ಟರನ್ನು ಕೇಳುವುದು ಒಳ್ಳೆಯದು.

ಒಂದು ರಿಪೋರ್ಟನ್ನು ಬಿಡಿಸಿ ನೋಡೋಣ

ಹೀಗೊಂದು ಫೈಲ್ ಇದೆ ಎಂದುಕೊಳ್ಳಿ. 46 ವರ್ಷದ ಗಂಡಸು. ಎರಡು ವರ್ಷದಿಂದ ಹೆಪಟೈಟಿಸ್ ಬಿಗೆ ಟೆನೊಫೊವಿರ್ 300 ಮಿ.ಗ್ರಾಂ ದಿನಕ್ಕೊಂದು. ಡಿಎನ್‌ಎ ಸಿಗುತ್ತಿಲ್ಲ. ಎಸ್‌ಜಿಪಿಟಿ 68, ಎಸ್‌ಜಿಒಟಿ 54, ಪ್ಲೇಟ್‌ಲೆಟ್ 1.6 ಲಕ್ಷ. ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ) 6.2. ಸೊಂಟ 98 ಸೆಂ.ಮೀ. ಸ್ಕ್ಯಾನ್‌ನಲ್ಲಿ ಗ್ರೇಡ್ 2. ಫೈಬ್ರೊಸ್ಕ್ಯಾನ್‌ನಲ್ಲಿ (ತರಂಗದಿಂದ ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಪರೀಕ್ಷೆ) ಗಡಸುತನ 7.8 ಕಿಲೊಪಾಸ್ಕಲ್, ಕೊಬ್ಬಿನ ಅಂಕಿ 302.

ಡಿಎನ್‌ಎ ಸಿಗುತ್ತಿಲ್ಲ ಎಂದರೆ ಮಾತ್ರೆ ತನ್ನ ಕೆಲಸ ಮಾಡುತ್ತಿದೆ. ಹಾಗಿದ್ದೂ ಎಸ್‌ಜಿಪಿಟಿ 68 ಇದೆಯೆಂದರೆ ಲಿವರನ್ನು ನೋಯಿಸುತ್ತಿರುವುದು ಬೇರೆ ಏನೋ. ಕೊಬ್ಬು, ಮದ್ಯ, ಬೇರೆ ಔಷಧಿ ಅಥವಾ ನಾಟಿ ಮದ್ದು, ಈ ಕ್ರಮದಲ್ಲಿ ಹುಡುಕಬೇಕು. ಕೊಬ್ಬಿನ ಅಂಕಿ 275 ದಾಟಿದ್ದರಿಂದ ಕೊಬ್ಬು ಇರುವುದು ಬಹುತೇಕ ಖಚಿತ. ಎಚ್‌ಬಿಎ1ಸಿ 5.7ರ ಮೇಲೆ, ಸೊಂಟ 90ರ ಮೇಲೆ ಎರಡೂ ಇರುವುದರಿಂದ ಇದು ಚಯಾಪಚಯ ದೋಷದ್ದೇ ಕೊಬ್ಬು. ಹೆಂಗಸರಿಗೆ ಸೊಂಟದ ಗಡಿ 80. ಗಡಸುತನ 7 ದಾಟಿದರೆ ನಾರುಗಟ್ಟುವಿಕೆ ಶುರುವಾಗಿರಬಹುದು, 12.5 ದಾಟಿದರೆ ಸಿರೋಸಿಸ್ ಎಂದು ನೋಡುತ್ತಾರೆ.

ಫೈಬ್ರೊಸ್ಕ್ಯಾನ್ ಇಲ್ಲದ ಊರಲ್ಲೂ ಒಂದು ಲೆಕ್ಕ ಹಾಕಬಹುದು. ಅದರ ಹೆಸರು ಫಿಬ್-4. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ. ಎಸ್‌ಜಿಪಿಟಿಯ ವರ್ಗಮೂಲ ತೆಗೆದು ಪ್ಲೇಟ್‌ಲೆಟ್ಟಿನಿಂದ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಇಲ್ಲಿ 46 × 54 = 2484. 68ರ ವರ್ಗಮೂಲ 8.25, ಅದನ್ನು 160ರಿಂದ ಗುಣಿಸಿದರೆ 1320. ಭಾಗಿಸಿದರೆ 1.88. ಲೆಕ್ಕ ತಪ್ಪುವುದು ಪ್ಲೇಟ್‌ಲೆಟ್‌ನಲ್ಲಿ. ನಮ್ಮ ಲ್ಯಾಬುಗಳು 1.6 ಲಕ್ಷ ಎಂದು ಬರೆಯುತ್ತವೆ, ಸೂತ್ರಕ್ಕೆ ಸಾವಿರದ ಲೆಕ್ಕದಲ್ಲಿ 160 ಎಂದು ಹಾಕಬೇಕು. 1.6 ಎಂದೇ ಹಾಕಿದರೆ ಉತ್ತರ ನೂರು ಪಟ್ಟು ಬಂದು ಮನೆಮಂದಿಯೆಲ್ಲ ಹೆದರುತ್ತಾರೆ. ವೈರಲ್ ಹೆಪಟೈಟಿಸ್‌ನಲ್ಲಿ 1.45ಕ್ಕಿಂತ ಕಡಿಮೆ ಬಂದರೆ ನೆಮ್ಮದಿ, 3.25ಕ್ಕಿಂತ ಹೆಚ್ಚು ಬಂದರೆ ಗಂಭೀರ. 1.88 ನಡುವಿನದು. ಅಂದರೆ ಫೈಬ್ರೊಸ್ಕ್ಯಾನ್ ಬೇಕು. 35 ವರ್ಷದೊಳಗಿನವರಿಗೆ ಈ ಲೆಕ್ಕ ಅಷ್ಟಾಗಿ ಹೊಂದುವುದಿಲ್ಲ.

ಫೈಬ್ರೊಸ್ಕ್ಯಾನ್‌ಗೂ ಅದರದೇ ದೋಷಗಳಿವೆ. ಕನಿಷ್ಠ ಮೂರು ಗಂಟೆ ಏನೂ ತಿಂದಿರಬಾರದು; ಬೆಣ್ಣೆದೋಸೆ ತಿಂದು ನೇರ ಹೋಗಿ ಮಲಗಿದರೆ ಗಡಸುತನ ಸುಳ್ಳೇ ಏರಿ ಕಾಣುತ್ತದೆ. ಎಸ್‌ಜಿಪಿಟಿ ನೂರಾರು ಏರಿರುವ ಹೊತ್ತಲ್ಲಿ ಮಾಡಿಸಿದರೂ ಹಾಗೇ. ದಪ್ಪ ಮೈಯವರಿಗೆ ದೊಡ್ಡ ಪ್ರೋಬ್ ಬಳಸದಿದ್ದರೆ ಅಂಕಿಗಳನ್ನು ನೆಚ್ಚಲಾಗದು.

ಇಂಥ ಫೈಲ್ ಕೈಗೆ ಬಂದಾಗ ಸಾಮಾನ್ಯವಾಗಿ ಆಗುವ ತಪ್ಪುಗಳು ಮೂರು. ಎಸ್‌ಜಿಪಿಟಿ ಇಳಿಯಲಿಲ್ಲವೆಂದು ವೈರಸ್ಸಿನ ಮಾತ್ರೆ ಬದಲಿಸುವುದು. ‘ವೈರಸ್ ಸಿಗುತ್ತಿಲ್ಲ, ವಾಸಿಯಾಯಿತು’ ಎಂದು ಮಾತ್ರೆಯನ್ನೇ ನಿಲ್ಲಿಸುವುದು. ಮೇಲೊಂದು ಲಿವರ್ ಟಾನಿಕ್ ಸೇರಿಸುವುದು. ಎರಡನೆಯದು ಜೀವಕ್ಕೇ ಅಪಾಯ. ಬಿ ವೈರಸ್ಸಿನ ಡಿಎನ್‌ಎಯ ಒಂದು ರೂಪ ಕೋಶದ ಕೇಂದ್ರದೊಳಗೆ ಅವಿತು ಕೂತಿರುತ್ತದೆ, ಮಾತ್ರೆ ಅದನ್ನು ತೆಗೆಯುವುದಿಲ್ಲ. ಮಾತ್ರೆ ನಿಂತ ಕೆಲವು ವಾರ, ತಿಂಗಳಲ್ಲಿ ವೈರಸ್ ಭುಗಿಲೆದ್ದು ಲಿವರ್ ಪೂರ್ತಿ ಸೋಲಬಹುದು. ಮಂಡಿನೋವಿಗೆಂದು ತೆಗೆದುಕೊಳ್ಳುವ ಸ್ಟೆರಾಯ್ಡ್ ಮಾತ್ರೆಗಳಿಂದಲೂ ಬಿ ಮತ್ತೆ ಎದ್ದೇಳಬಹುದು. ಸಿ ಚಿಕಿತ್ಸೆ ಶುರುಮಾಡುವ ಮುಂಚೆ ಎಚ್‌ಬಿಎಸ್‌ಎಜಿ ನೋಡುವುದೂ ಇದೇ ಕಾರಣಕ್ಕೆ. ಸಿ ಹೋದಾಗ ಮಲಗಿದ್ದ ಬಿ ಎಚ್ಚರಗೊಳ್ಳಬಹುದು.

ಲಿವರ್ ಕ್ಯಾನ್ಸರ್ ಮೇಲೆ ಕಣ್ಣಿಡಲು ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸುವವರು ಇನ್ನೊಂದನ್ನು ತಿಳಿದಿರಬೇಕು. ಕೊಬ್ಬು ಹೆಚ್ಚಿದ್ದರೆ ಸ್ಕ್ಯಾನಿನ ತರಂಗ ಲಿವರ್‌ನ ಹಿಂಭಾಗ ತಲುಪುವ ಮುಂಚೆಯೇ ಕ್ಷೀಣಿಸುತ್ತದೆ. ಸಣ್ಣ ಗಂಟು ಅಲ್ಲಿದ್ದರೆ ತಪ್ಪಿಹೋಗುತ್ತದೆ. ರಿಪೋರ್ಟಿನಲ್ಲಿ ‘ಲಿವರ್ ಪೂರ್ತಿ ಕಾಣಲಿಲ್ಲ’ ಎಂಬರ್ಥದ ಮಾತಿದ್ದರೆ ಸಿಟಿ ಅಥವಾ ಎಂಆರ್‌ಐ ಬೇಕೇ ಎಂದು ಕೇಳಿ.

ಕುಡಿತ, ಊಟ, ತೂಕ

ನಮ್ಮಲ್ಲಿ ಸಿಗುವ ವಿಸ್ಕಿ, ರಮ್ಮಿನಲ್ಲಿ ಮದ್ಯಸಾರ ಶೇ 42.8. ಒಂದು ನೈಂಟಿ (90 ಮಿ.ಲೀ.) ಎಂದರೆ 30 ಗ್ರಾಂ, ಒಂದು ಕ್ವಾರ್ಟರ್ (180 ಮಿ.ಲೀ.) ಎಂದರೆ 60 ಗ್ರಾಂ ಶುದ್ಧ ಮದ್ಯಸಾರ. ವೈರಸ್ ಇಲ್ಲದ ಗಂಡಸರಲ್ಲೂ ದಿನಕ್ಕೆ 30 ಗ್ರಾಂ ದಾಟಿದರೆ ಫ್ಯಾಟಿ ಲಿವರ್‌ಗೆ ಮದ್ಯವನ್ನೂ ಹೊಣೆ ಮಾಡುತ್ತಾರೆ. ಬಿ ಅಥವಾ ಸಿ ಇರುವವರಿಗೆ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ. ‘ಬರೇ ಬಿಯರ್’ ಎಂಬುದು ರಿಯಾಯಿತಿಯಲ್ಲ. 650 ಮಿ.ಲೀ. ಸ್ಟ್ರಾಂಗ್ ಬಿಯರ್ ಒಂದು ನೈಂಟಿಗಿಂತ ಹೆಚ್ಚೇ.

ತೂಕದ ಶೇ 5 ಇಳಿದರೆ ಕೊಬ್ಬು ಇಳಿಯತೊಡಗುತ್ತದೆ, 7 ಇಳಿದರೆ ಊತ, 10 ಇಳಿದರೆ ನಾರು ಕೂಡ. 80 ಕೆ.ಜಿ. ಮನುಷ್ಯನಿಗೆ ಅದು 4, 5.6 ಮತ್ತು 8 ಕೆ.ಜಿ. ವಾರಕ್ಕೆ ಅರ್ಧದಿಂದ ಒಂದು ಕೆ.ಜಿ. ಸಾಕು. ಉಪವಾಸ ಬಿದ್ದು ಇದರ ಎರಡು ಪಟ್ಟು ಇಳಿಸಹೋದರೆ ಕೆಲವರಲ್ಲಿ ಊತ ಹೆಚ್ಚುತ್ತದೆ, ಪಿತ್ತಕೋಶದಲ್ಲಿ ಕಲ್ಲು ಬೀಳುತ್ತದೆ. ಸಿರೋಸಿಸ್ ಆಗಿಬಿಟ್ಟವರು ಡಾಕ್ಟರನ್ನು ಕೇಳದೆ ತೂಕ ಇಳಿಸಬಾರದು. ಅವರು ಕಳೆದುಕೊಳ್ಳುವುದು ಕೊಬ್ಬಿಗಿಂತ ಮೊದಲು ಸ್ನಾಯುವನ್ನು.

ಇಲ್ಲಿನ ತಿಂಡಿಗಳ ವಿಷಯಕ್ಕೆ ಬಂದರೆ ಬೆಣ್ಣೆದೋಸೆಯನ್ನು ಊರಿನ ಹೆಮ್ಮೆಯಾಗಿಯೇ ಇಟ್ಟುಕೊಳ್ಳೋಣ, ತಿಂಗಳಿಗೊಮ್ಮೆ. ಬೆಣ್ಣೆಯಂಥ ಗಟ್ಟಿ ಕೊಬ್ಬು ಅದೇ ಪ್ರಮಾಣದ ಕಡಲೆಕಾಯಿ ಅಥವಾ ಸೂರ್ಯಕಾಂತಿ ಎಣ್ಣೆಗಿಂತ ಹೆಚ್ಚು ಲಿವರ್ ಸೇರುತ್ತದೆ. ಮಂಡಕ್ಕಿ ಹಗುರವೆಂದು ಬೋಗುಣಿಗಟ್ಟಲೆ ತಿನ್ನುವವರು ಅದು ಬರೀ ಅಕ್ಕಿಯ ಪಿಷ್ಟ, ಬೇಗ ಸಕ್ಕರೆಯಾಗುತ್ತದೆ ಎಂಬುದನ್ನು ಮರೆಯುತ್ತಾರೆ. ಜೊತೆಗೆ ಮಿರ್ಚಿಯ ಎಣ್ಣೆ ಬೇರೆ. ಮುದ್ದೆಯೂ ಔಷಧಿಯಲ್ಲ. ಎರಡು ದೊಡ್ಡ ಮುದ್ದೆಯ ಬದಲು ಒಂದು, ಉಳಿದ ಜಾಗಕ್ಕೆ ಕಾಳಿನ ಸಾರು, ಸೊಪ್ಪು ಎಂದಾಗ ಮಾತ್ರ ಪ್ರಯೋಜನ. ಸಕ್ಕರೆ ಹಾಕದ ಕಾಫಿ ದಿನಕ್ಕೆ ಎರಡು ಮೂರು ಕಪ್ ಕುಡಿಯುವವರಲ್ಲಿ ನಾರುಗಟ್ಟುವಿಕೆ ಮತ್ತು ಲಿವರ್ ಕ್ಯಾನ್ಸರ್ ಕಡಿಮೆ ಎಂದು ಅನೇಕ ಅಧ್ಯಯನಗಳಲ್ಲಿ ಕಂಡಿದೆ.

ನಾಟಿ ಮದ್ದಿನ ವಿಷಯ ಹೇಳದೆ ಇರುವಂತಿಲ್ಲ. ನೆಲನೆಲ್ಲಿಯಿಂದ ಬಿ ವೈರಸ್ ಹೋಗುತ್ತದೆ ಎಂದು 1988ರಲ್ಲಿ ಚೆನ್ನೈನಿಂದ ಬಂದ ವರದಿ ಜಗತ್ತಿನ ಗಮನ ಸೆಳೆದಿತ್ತು, ಆಮೇಲಿನ ಪ್ರಯೋಗಗಳಲ್ಲಿ ಅದು ನಿಲ್ಲಲಿಲ್ಲ. ಅಮೃತಬಳ್ಳಿಯ ಕಷಾಯದಿಂದ ಲಿವರ್ ಊದಿಕೊಂಡ ಪ್ರಕರಣಗಳು ಕೋವಿಡ್ ಹೊತ್ತಿನಲ್ಲಿ ಮುಂಬೈನಿಂದ ವರದಿಯಾದವು. ಮೊದಲೇ ಎರಡು ಹೊರೆ ಹೊತ್ತ ಲಿವರ್ ಮೇಲೆ ಮೂರನೆಯದು ಬೇಡ. ಚಿಕಿತ್ಸೆಗೆ ದುಡ್ಡಿಲ್ಲವೆಂದು ಆ ದಾರಿ ಹಿಡಿಯಬೇಕಾಗಿಯೂ ಇಲ್ಲ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಬಿ ಮತ್ತು ಸಿ ಎರಡಕ್ಕೂ ಪರೀಕ್ಷೆ, ಮಾತ್ರೆ ಉಚಿತ. ದಾವಣಗೆರೆಯ ಚಿಗಟೇರಿ ಆಸ್ಪತ್ರೆಯಲ್ಲೋ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಯಲ್ಲೋ ಈ ಕಾರ್ಯಕ್ರಮದ ಹೆಸರು ಹೇಳಿ ವಿಚಾರಿಸಿ.

ಜೀನ್ ಪರೀಕ್ಷೆ ಯಾರಿಗೆ ಬೇಕು

ಪಿಎನ್‌ಪಿಎಲ್‌ಎ3 ಪರೀಕ್ಷೆ ಬಹುತೇಕರಿಗೆ ಬೇಡ. ಪಾಸಿಟಿವ್ ಬಂದರೂ ನೆಗೆಟಿವ್ ಬಂದರೂ ಹೇಳುವ ಚಿಕಿತ್ಸೆ ಒಂದೇ. ಆ ದುಡ್ಡನ್ನು ಫೈಬ್ರೊಸ್ಕ್ಯಾನ್‌ಗೆ ಹಾಕುವುದು ಜಾಣತನ. ಅಪ್ಪ ಅಮ್ಮ ಅಥವಾ ಒಡಹುಟ್ಟಿದವರಿಗೆ ಸಿರೋಸಿಸ್ ಇಲ್ಲವೇ ಲಿವರ್ ಕ್ಯಾನ್ಸರ್ ಆಗಿತ್ತು ಎಂಬ ಒಂದು ಸಾಲು, ಖರ್ಚಿಲ್ಲದೆ, ಡಾಕ್ಟರಿಗೆ ಅದಕ್ಕಿಂತ ಹೆಚ್ಚು ಹೇಳುತ್ತದೆ.

ಆದರೆ ಒಳಸಂಬಂಧದ ಮದುವೆಗಳಿರುವ ಮನೆಗಳಲ್ಲಿ ಬೇರೊಂದು ಜೀನಿನ ಬಗ್ಗೆ ಯೋಚಿಸಲೇಬೇಕು. ನಮ್ಮ ಭಾಗದಲ್ಲಿ ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವುದು ಪೂರ್ತಿ ನಿಂತಿಲ್ಲ. ಪಿಎನ್‌ಪಿಎಲ್‌ಎ3ಯಂಥ ಸರ್ವೇಸಾಮಾನ್ಯ ಜೀನಿನಲ್ಲಿ ಇದರಿಂದ ದೊಡ್ಡ ಬದಲಾವಣೆ ಆಗದು. ಎರಡೂ ಪ್ರತಿ ಪಡೆಯುವ ಮಕ್ಕಳು 100ಕ್ಕೆ 6ರ ಬದಲು 8-9 ಆಗಬಹುದು, ಅಷ್ಟೇ. ಅಪರೂಪದ ಜೀನಿನಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. ಲಿವರ್‌ನಲ್ಲಿ ತಾಮ್ರ ಶೇಖರವಾಗುವ ವಿಲ್ಸನ್ ಕಾಯಿಲೆ ಸಾಮಾನ್ಯವಾಗಿ 30 ಸಾವಿರಕ್ಕೊಬ್ಬರಿಗೆ ಎಂದು ಹಿಡಿದರೆ, ಸೋದರಮಾವ-ಅಕ್ಕನ ಮಗಳ ಮದುವೆಯ ಮಕ್ಕಳಲ್ಲಿ ಅದರ ಸಾಧ್ಯತೆ 20 ಪಟ್ಟಿಗೂ ಮೇಲೆ ಹೋಗುತ್ತದೆ; ಅತ್ತೆಮಗಳು, ಮಾವನ ಮಗಳನ್ನು ಮದುವೆಯಾದ ಕಡೆ ಹತ್ತು ಪಟ್ಟಿಗೂ ಹೆಚ್ಚು. ವಿಲ್ಸನ್ ಮೊದಲು ಕಾಣಿಸಿಕೊಳ್ಳುವುದು ಹಲವು ಸಲ ಸ್ಕ್ಯಾನ್‌ನಲ್ಲಿ ಫ್ಯಾಟಿ ಲಿವರ್ ಆಗಿಯೇ.

ಹಾಗಾಗಿ 40ರೊಳಗಿನ ವಯಸ್ಸು, ತೆಳ್ಳಗಿನ ಮೈ, ಶುಗರ್ ಇಲ್ಲ, ಕುಡಿತವಿಲ್ಲ, ಆದರೂ ಕೊಬ್ಬು ಮತ್ತು ಏರಿದ ಎಸ್‌ಜಿಪಿಟಿ ಇದ್ದರೆ ಹೆಪಟೈಟಿಸ್ ಬಿ ಪಾಸಿಟಿವ್ ಬಂದಿತೆಂದು ಹುಡುಕಾಟ ನಿಲ್ಲಿಸಬಾರದು. ರಕ್ತದಲ್ಲಿ ಸೆರುಲೊಪ್ಲಾಸ್ಮಿನ್ (ತಾಮ್ರ ಹೊರುವ ಪ್ರೋಟೀನು) ನೋಡಿಸಿ, ಡೆಸಿಲೀಟರಿಗೆ 20 ಮಿ.ಗ್ರಾಂಗಿಂತ ಕಡಿಮೆಯಿದ್ದರೆ ಅನುಮಾನ. 24 ಗಂಟೆಯ ಮೂತ್ರದಲ್ಲಿ ತಾಮ್ರ 100 ಮೈಕ್ರೊಗ್ರಾಂ ದಾಟಿದೆಯೇ ನೋಡಿಸಿ. ಕಣ್ಣಿನ ಡಾಕ್ಟರು ಸ್ಲಿಟ್ ಲ್ಯಾಂಪಿನಲ್ಲಿ ಕಪ್ಪುಗುಡ್ಡೆಯ ಸುತ್ತ ಕಂದು ಉಂಗುರವಿದೆಯೇ ಎಂದು ನೋಡಲಿ. ಗರ್ಭಿಣಿಯರಲ್ಲಿ ಮತ್ತು ಮೈಯಲ್ಲಿ ಉರಿಯೂತ ಇದ್ದಾಗ ಸೆರುಲೊಪ್ಲಾಸ್ಮಿನ್ ಸುಳ್ಳೇ ನಾರ್ಮಲ್ ಬರುವುದುಂಟು, ಅದೊಂದನ್ನೇ ನೆಚ್ಚಬೇಡಿ. ಒಬ್ಬರಲ್ಲಿ ವಿಲ್ಸನ್ ಖಚಿತವಾದರೆ ಅವರ ಪ್ರತಿಯೊಬ್ಬ ಒಡಹುಟ್ಟಿದವರಿಗೂ ಅದು ಇರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಲಕ್ಷಣ ಇಲ್ಲದಿದ್ದರೂ ಅವರನ್ನು ಅದೇ ವಾರ ಕರೆತಂದು ಪರೀಕ್ಷೆ ಮಾಡಿಸಬೇಕು, ಏಕೆಂದರೆ ಇದಕ್ಕೆ ಮಾತ್ರೆ ಇದೆ ಮತ್ತು ಅದು ಬೇಗ ಶುರುವಾದಷ್ಟೂ ಲಿವರ್ ಉಳಿಯುತ್ತದೆ.